ಹರಿಯದ ಅಸ್ತರು

ಕತ್ತರಿಯ ತುದಿ ಬಟ್ಟೆಯೊಳಗೆ ಇಳಿದು ಕಚಕ್ ಅಂದಮೇಲೇ ಅಕ್ಕನಿಗೆ ಗೊತ್ತಾದದ್ದು, ಕಾಜಾ ತಪ್ಪು ಮಗ್ಗುಲಿಗೆ ಬಿತ್ತು ಅಂತ. ಗಂಡಸರ ಅಂಗಿ ಅದು. ಗುಂಡಿ ತೂರಿಸುವ ಸೀಳು ಎಡಪಟ್ಟಿಗೆ ಬರಬೇಕು, ಅವಳು ಬಲಪಟ್ಟಿಗೆ ಸೀಳಿದ್ದಳು. ಈ ಹೊಲಿಗೆ ಅಂಗಡಿಯ ಮೂಲೆಯಲ್ಲಿ, ಇದೇ ಕುಂಟುಕಾಲಿನ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುತ್ತ ಅವಳ ತಲೆ ಬೆಳ್ಳಗಾಗಿತ್ತು. ದೀಪ ಹೋದರೂ ಬಟ್ಟೆ ಮುಟ್ಟಿ ಇದು ಗಂಡಸಿನದು ಇದು ಹೆಂಗಸಿನದು ಅನ್ನುವಂಥ ಕೈ. ಆ ಕೈ ಈಗ ಯಾರದೋ ಕೈಯ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಮಾಸ್ಟರು ಅಂಗಿಯನ್ನು ಬೆಳಕಿಗೆ ಹಿಡಿದು, ಆ ಸೀಳಿನೊಳಗಿಂದ ಒಂದು ಕಣ್ಣಿಟ್ಟು ಅವಳನ್ನು ನೋಡಿದರು. "ಏನ್ ಕಾಜಾ ಅಕ್ಕ, ಗಿರಾಕಿಗೆ ಅವರ ಹೆಂಡತಿ ಅಂಗಿ ತೊಡಿಸೋ ಯೋಚನೇನಾ?" ಇಸ್ತ್ರಿಯವಳು ಪೆಟ್ಟಿಗೆಯ ಹಬೆಯ ಹಿಂದೆ ಕಿಸಕ್ಕನೆ ನಕ್ಕಳು. "ಬಿಡಿ ಮಾಸ್ಟ್ರೇ, ಇವತ್ತು ಅವರ ತಂಗಿ ನಾಟಕ. ಜೀವ ಇಲ್ಲಿದೆಯಾ ಅವರದು?" "ಅದೇ ಅಂದೆ. ಅವರ ಮನೆ ಕಥೇನ ತಂಗಿ ಸ್ಟೇಜಿಗೆ ಏರಿಸಿದ್ದಾಳೆ, ಇವರು ನನ್ನ ಅಂಗಡೀನ ಹರಾಜಿಗೆ ಏರಿಸ್ತಾರೆ." ಮೊದಲಾಗಿದ್ದರೆ ಅಕ್ಕ ತಿರುಗಿ ಒಂದು ಮಾತು ಎಸೆಯುತ್ತಿದ್ದಳು. ಇವತ್ತು ಸೀಳಿದ್ದನ್ನು ಮುಚ್ಚುವುದಕ್ಕೆ ಅದೇ ಬಣ್ಣದ ದಾರ ಹುಡುಕುತ್ತ ಡಬ್ಬಿಯೊಳಗೆ ಕೈಯಾಡಿಸಿದಳು. ಎಷ್ಟು ಸಣ್ಣಗೆ ಹೊಲಿದರೂ ಸೀಳಿದ ಗುರುತು ಗುರುತೇ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅಂಗಡಿಯ ಎದುರಿನ ಗೋಡೆಯ ಮೇಲೆ ನಾಟಕದ ಪೋಸ್ಟರು ಅಂಟಿಸಿದ್ದರು. ಒಬ್ಬ ದಪ್ಪ ಹೆಂಗಸು ಹೆಣದ ಪೆಟ್ಟಿಗೆಯೊಳಗಿಂದ ಎದ್ದು ಕೂತು ಕಣ್ಣು ಮಿಟುಕಿಸುತ್ತಿದ್ದಾಳೆ, ಮೇಲೆ 'ಅಮ್ಮನ ಕೋಟು' ಅಂತ ದೊಡ್ಡಕ್ಷರ, ಕೆಳಗೆ 'ಒಂದು ಮನೆ ಮುಚ್ಚಿಟ್ಟದ್ದೆಲ್ಲ ಬಯಲಿಗೆ! ನಕ್ಕು ನಕ್ಕು ಅಳಿ!' ಅದರ ಕೆಳಗೆ ತಂಗಿಯ ಹೆಸರು. ದಿನಕ್ಕೆ ಹತ್ತಾರು ಸಲ ಸೂಜಿಗೆ ದಾರ ಪೋಣಿಸುವಾಗ ಅಕ್ಕನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆ ಹೆಂಗಸು ತೊಟ್ಟಿದ್ದ ಕಂದು ಕೋಟು ಚಿತ್ರದ ಕೋಟಲ್ಲ, ನಿಜವಾದದ್ದು, ಅಮ್ಮನದು. ಅಮ್ಮ ಹೋದ ಮೇಲೆ ಅಕ್ಕ ಅದನ್ನು ಬೀರುವಿನಲ್ಲಿ ತೂಗುಹಾಕಿ, ಆಗೀಗ ಬಾಗಿಲು ತೆಗೆದು ಅದರ ತೋಳಿನೊಳಗೆ ಮೂಗಿಡುತ್ತಿದ್ದಳು. ಮೊದಮೊದಲು ಅಮ್ಮನ ವಾಸನೆ ಬರುತ್ತಿತ್ತು, ಆಮೇಲೆ ಬೀರುವಿನ ವಾಸನೆ ಬಂತು. ಹೋದ ತಿಂಗಳು ತಂಗಿ ಬಂದು, ಕೂರದೆ, ಚಹಾ ಕೂಡ ಕುಡಿಯದೆ, "ಅಕ್ಕ, ಅಮ್ಮನ ಕೋಟು ಬೇಕು, ನಾಟಕಕ್ಕೆ" ಅಂದಿದ್ದಳು. "ನಟಿ ಸ್ವಲ್ಪ ದಪ್ಪ. ಮಗ್ಗುಲು ಬಿಚ್ಚಿ ಅಗಲ ಮಾಡ್ಕೊಡು. ಮತ್ತೆ ಒಳಗಡೆ ಅಸ್ತರಿನ ಬಟ್ಟೆ ಇದೆಯಲ್ಲ, ಎದೆ ಹತ್ರ, ಅಲ್ಲೊಂದು ಗೇಣು ಕಚ್ಚಾ ಹೊಲಿಗೆ ಬಿಡು. ಎಳೆದರೆ ಪರ್ ಅಂತ ಬಿಚ್ಚಿಕೊಳ್ಬೇಕು." "ಯಾಕೆ?" "ನೋಡ್ತೀಯಲ್ಲ ನಾಟಕದಲ್ಲಿ." ತಂಗಿ ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅಮ್ಮನಿಗೂ ಅಲ್ಲೇ ಗುಳಿ ಇತ್ತು. ಅಕ್ಕನ ಮುಖ ಅಪ್ಪನ ಮುಖ, ಸಪಾಟು.

ಕೋಟನ್ನು ಅಡುಗೆಮನೆಯ ಮೇಜಿನ ಮೇಲೆ ಅಂಗಾತ ಮಲಗಿಸಿ ಅವಳು ಹೊಲಿಗೆ ಬಿಚ್ಚಿದ್ದಳು. ಅಮ್ಮನಿಗೆ ಸ್ನಾನ ಮಾಡಿಸುವಾಗ ಮಗ್ಗುಲು ಹೊರಳಿಸುತ್ತಿದ್ದ ಹಾಗೇ ಕೋಟನ್ನು ಮಗ್ಗುಲು ಹೊರಳಿಸಿದಳು. ಅಸ್ತರಿನ ಎಡಗಡೆ, ಎದೆಯ ಹತ್ತಿರ, ಬೆರಳಿಗೆ ಏನೋ ತೊಡರಿತು. ಯಾರೋ ಒಮ್ಮೆ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಅಂಕುಡೊಂಕಾದ, ಒಂದು ಉದ್ದ ಒಂದು ಗಿಡ್ಡ ಹೊಲಿಗೆ. ಇದು ಅಮ್ಮನ ಕೈಯಲ್ಲ, ಅಮ್ಮನ ಕಣ್ಣು ಕೊನೆಯವರೆಗೂ ಚೆನ್ನಾಗಿತ್ತು. ತನ್ನ ಕೈಯಂತೂ ಅಲ್ಲವೇ ಅಲ್ಲ. ಒಳಗೆ ಕೈ ಹಾಕಿ ನೋಡಿದಳು. ಬರೀ ನೂಲಿನ ಧೂಳು. ತಂಗಿ ಹೇಳಿದ್ದು ಇದೇ ಜಾಗ, ಇದೇ ಗೇಣು. ಅವಳಿಗೆ ಈ ಜಾಗ ಹೇಗೆ ಗೊತ್ತು? ಆ ಪ್ರಶ್ನೆ ಸೂಜಿಮೊನೆಯ ಹಾಗೆ ಬಟ್ಟೆಯೊಳಗೆ ಮುರಿದು ಉಳಿಯಿತು. ಕಚ್ಚಾ ಹೊಲಿಗೆ ಹಾಕಲು ಕೂತಳು. ಹಾಕಿದಳು. ನೋಡಿದಳು. ಅಮ್ಮನ ಎದೆಯ ಮೇಲೆ ಅಂಥ ಸಡಿಲ ಹೊಲಿಗೆ ಬಿಡಲು ಕೈ ಒಪ್ಪಲಿಲ್ಲ. ಕೈ ಒಪ್ಪಲಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು, ನಿಜವಾಗಿ ಒಪ್ಪದೆ ಇದ್ದದ್ದು ಕೈಯಷ್ಟೇ ಅಲ್ಲ. ಎಲ್ಲ ಕಿತ್ತು, ಎರಡೆಳೆ ದಾರಕ್ಕೆ ಮೇಣ ಉಜ್ಜಿ, ಸಾಸಿವೆ ಕಾಳಿನಷ್ಟು ಸಣ್ಣ ಹೊಲಿಗೆಯಲ್ಲಿ ಗಟ್ಟಿಯಾಗಿ ಮುಚ್ಚಿ, ಇಸ್ತ್ರಿ ಮಾಡಿ ಕಳಿಸಿದಳು. ತಂಗಿ ತೆಗೆದು ನೋಡುವವಳಲ್ಲ. ಅಕ್ಕ ಮಾಡಿದ್ದನ್ನು ಅವಳು ಯಾವತ್ತೂ ತೆಗೆದು ನೋಡಿದವಳಲ್ಲ.

ಇವತ್ತಿನದು ಮಧ್ಯಾಹ್ನದ ಆಟ. ಮಾಸ್ಟರು ಅರ್ಧ ದಿನ ರಜೆ ಕೊಟ್ಟರು, ಕೊಡುವಾಗ "ಪಾಸು ಒಂದೇನಾ ಕಳಿಸಿದ್ದು ತಂಗಿ?" ಅಂತ ಚುಚ್ಚಿದರು. ಒಂದೇ. ಅಕ್ಕ ಒಳ್ಳೆಯ ಬಟ್ಟೆ ತೊಟ್ಟು, ಬೂದು ಶಾಲು ಹೊದ್ದು, ಔಷಧಿ ಅಂಗಡಿ ದಾಟಿ, ಬಸ್ಸಿನ ನಿಲ್ದಾಣ ದಾಟಿ ನಡೆದಳು. ಈ ಔಷಧಿ ಅಂಗಡಿಗೇ ಅಲ್ಲವೇ ಆಗ ದಿನಾ ಬರುತ್ತಿದ್ದದ್ದು. ಅಮ್ಮ ಹಾಸಿಗೆ ಹಿಡಿದು ವರ್ಷಗಟ್ಟಲೆಯಾಗಿತ್ತು. ಬೆನ್ನು ಒರೆಸಿದ್ದು, ಉಗುರು ಕತ್ತರಿಸಿದ್ದು, ಮಲದ ಪಾತ್ರೆ ತೊಳೆದದ್ದು, ಬ್ರೆಡ್ಡನ್ನು ಹಾಲಲ್ಲಿ ಅದ್ದಿ ತುತ್ತು ಮಾಡಿ ಬಾಯಿಗಿಟ್ಟದ್ದು, ಎಲ್ಲ ಈ ಎರಡು ಕೈ. ತಂಗಿ ತಿಂಗಳಿಗೊಮ್ಮೆ ಬಂದರೆ ಬಂದಳು, ಹೂ ತಂದರೆ ತಂದಳು. ಹೂ ಕಂಡರೆ ಅಮ್ಮನ ಗುಳಿ ಅರಳುತ್ತಿತ್ತು. ಒಂದು ಸಂಜೆ ಅಕ್ಕ ತಲೆ ಬಾಚುತ್ತಿದ್ದಾಗ ಅಮ್ಮ ಬಾಚಣಿಗೆಯನ್ನು ಹಿಡಿದು ನಿಲ್ಲಿಸಿ, "ಅವಳನ್ನ ಕರಿ" ಅಂದಳು. "ಯಾರನ್ನ?" "ಚಿಕ್ಕವಳನ್ನ. ಒಂದು ಮಾತು ಹೇಳ್ಬೇಕು." "ನನಗೇ ಹೇಳಮ್ಮ, ನಾನು ಮುಟ್ಟಿಸ್ತೀನಿ." "ಉಹೂಂ. ಅವಳಿಗೊಬ್ಬಳಿಗೇ ಹೇಳ್ಬೇಕು." ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಕ್ಕ ಫೋನಿನ ಹತ್ತಿರ ಹೋದಳು. ರಿಸೀವರ್ ಎತ್ತಿದಳು. ಅದರಲ್ಲಿ ಗುಂಯ್ ಅನ್ನುವ ಶಬ್ದವನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಶಾಲಿನ ಅಂಚಿನಿಂದ ರಿಸೀವರಿನ ಧೂಳು ಒರೆಸಿ ಇಟ್ಟು ಬಂದು, "ಎತ್ತಲಿಲ್ಲಮ್ಮ ಅವಳು" ಅಂದಳು. ಮಾರನೆಯ ದಿನವೂ ನಂಬರು ತಿರುಗಿಸದೆ ಒರೆಸಿದಳು. ಅದರ ಮಾರನೆಯ ದಿನ ಮಧ್ಯಾಹ್ನ ಹೊಲಿಗೆ ಅಂಗಡಿಯಿಂದ ಬಂದು ಬಾಗಿಲು ತೆಗೆದರೆ ಅಮ್ಮನ ಕೋಣೆಯೊಳಗೆ ನಗು. ತಂಗಿ ತಾನಾಗಿ ಬಂದು, ಮಂಚದ ಅಂಚಿನಲ್ಲಿ ಕೂತು ನಗುತ್ತಿದ್ದಾಳೆ, ಅಮ್ಮನೂ ನಗುತ್ತಿದ್ದಾಳೆ. ಅಕ್ಕನನ್ನು ಕಂಡದ್ದೇ ಇಬ್ಬರೂ ನಿಲ್ಲಿಸಿದರು. ಆ ನಿಂತ ನಗು ಇವತ್ತಿನವರೆಗೂ ಆ ಕೋಣೆಯಲ್ಲಿ ನಿಂತೇ ಇದೆ. ಅಮ್ಮ ಆಮೇಲೆ ಬಹಳ ದಿನ ಉಳಿಯಲಿಲ್ಲ, ಚಿಕ್ಕವಳನ್ನು ಕರೆ ಅಂತ ಮತ್ತೆ ಕೇಳಲೂ ಇಲ್ಲ. ಕೇಳಲಿಲ್ಲ ಅಂದರೆ ಹೇಳಿ ಮುಗಿಸಿದ್ದಳು ಅಂತ ತಾನೇ? ಏನು ಹೇಳಿದಳು? ಅಕ್ಕ ಕೇಳಲಿಲ್ಲ. ಕೇಳಿದರೆ, ನನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು.

ನಾಟಕದ ಮನೆಯ ಬಾಗಿಲಲ್ಲಿ ಪಾಸು ಹರಿಯುವವನು ಅವಳ ಶಾಲನ್ನೂ ಚಪ್ಪಲಿಯನ್ನೂ ನೋಡಿ "ಹಿಂದಿನ ಸಾಲಾ ಅಮ್ಮ?" ಅಂದ, ಪಾಸು ನೋಡಿ "ಓ, ಮುಂದೆ, ಮುಂದೆ" ಅಂತ ದಾರಿ ಬಿಟ್ಟ. ಪಕ್ಕದ ಕುರ್ಚಿಯಲ್ಲಿ ಸುಗಂಧ ಹಚ್ಚಿಕೊಂಡ ಒಬ್ಬ ಯಜಮಾನರು. "ನಾಟಕ ಬರೆದವರ ಕಡೆಯವರಾ?" "ಹೂಂ." "ಏನಾಗ್ಬೇಕು?" ಅಕ್ಕ, ಅನ್ನಬೇಕಾಗಿತ್ತು. ಬಾಯಿಗೆ ಬಂದದ್ದು "ಕೋಟು ಹೊಲಿದದ್ದು ನಾನು" ಅಂತ. ಅವರು ಸುಮ್ಮನೆ ತಲೆಯಾಡಿಸಿ ಆ ಕಡೆಗೆ ತಿರುಗಿಕೊಂಡರು. ಪರದೆ ಸರಿಯಿತು. ಒಂದು ಮನೆಯ ನಡುಕೋಣೆ, ನಡುವೆ ಹೆಣದ ಪೆಟ್ಟಿಗೆ, ಸುತ್ತ ನೆಂಟರು. ಸತ್ತ ಅಮ್ಮನ ಬೀಗದ ಕೈಗೊಂಚಲಿಗೆ ಅವರು ಕಿತ್ತಾಡುತ್ತಾರೆ. ಒಬ್ಬೊಬ್ಬರು ಒಂದೊಂದು ಸುಳ್ಳು ಹೇಳಿದ ಕೂಡಲೇ ಪೆಟ್ಟಿಗೆಯೊಳಗಿಂದ ಅಮ್ಮ ಎದ್ದು ಕೂತು, "ಏಯ್, ಹಾಗಲ್ಲ ಅದು" ಅಂತ ತಿದ್ದಿ ಮತ್ತೆ ಮಲಗುತ್ತಾಳೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಅಪ್ಪನ ಪಾತ್ರದವನು, ನಾನು ಕೊನೆಯವರೆಗೂ ದುಡಿದೆ ಅಂದ. ಅಮ್ಮ ಎದ್ದಳು. "ದುಡಿದ್ರಿ ಬಿಡಿ. ಕೆಲಸ ಹೋಗಿ ವರ್ಷ ಆಗಿತ್ತು, ಬೆಳಿಗ್ಗೆ ಬುತ್ತಿ ಕಟ್ಟಿಸ್ಕೊಂಡು ಹೋಗಿ ಪಾರ್ಕಿನ ಬೆಂಚಿನ ಮೇಲೆ ಕೂತು ಪಾರಿವಾಳಕ್ಕೆ ಹಾಕಿ ಬರ್ತಿದ್ರಿ." ಇಡೀ ನಾಟಕದ ಮನೆ ಗೊಳ್ಳೆಂದಿತು. ಅದು ನಿಜ. ಆ ಬೆಂಚಿನ ಮೇಲೆ ಅಪ್ಪನನ್ನು ಕಂಡದ್ದು ಅಕ್ಕ, ಒಬ್ಬಳೇ, ಶಾಲೆಗೆ ಚಕ್ಕರ್ ಹೊಡೆದ ದಿನ. ಅಪ್ಪ ಪಾರಿವಾಳದ ಜೊತೆ ಮಾತಾಡುತ್ತಿದ್ದ, ಮನೆಯಲ್ಲಿ ಯಾರ ಜೊತೆಯೂ ಆಡದಷ್ಟು ಮಾತು. ಅದನ್ನು ಎಷ್ಟೋ ಕಾಲ ಒಳಗೇ ಇಟ್ಟುಕೊಂಡು, ಒಂದು ಚಳಿಯ ದಿನ ಒಂದೇ ಕಂಬಳಿಯೊಳಗೆ ತಂಗಿಯ ಕಿವಿಯಲ್ಲಿ ಹೇಳಿದ್ದಳು, ಕಥೆ ಹೇಳು ಕಥೆ ಹೇಳು ಅಂತ ಅವಳು ಅಳುತ್ತಿದ್ದಳು ಅಂತ. ಹೇಳಿದಾಗ ತಂಗಿ ನಗಲಿಲ್ಲ. ಈಗ ಪಕ್ಕದ ಯಜಮಾನರು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಾರೆ. ಮಾನ ಹೋಯಿತಲ್ಲ ಅಂತ ಅಕ್ಕನಿಗೆ ಅನ್ನಿಸಬೇಕಾಗಿತ್ತು. ಅನ್ನಿಸಿದ್ದು ಬೇರೆ: ಅದು ನನ್ನದು, ನಾನು ಕಂಡದ್ದು, ನನ್ನ ಕೈಯಿಂದ ತಗೊಂಡು ಅವಳು ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದಾಳೆ.

ಆಮೇಲೆ ಅವಳು ರಂಗದ ಮೇಲೆ ತನ್ನನ್ನು ಹುಡುಕಿದಳು. ಈಗ ಬರುತ್ತೇನೆ, ಈ ಬಾಗಿಲಿಂದ ಬರುತ್ತೇನೆ. ಹೇಗಿರುತ್ತೇನೆ? ಕುಂಟುತ್ತ ಬರುತ್ತೇನೋ, ಗೊಣಗುತ್ತ ಬರುತ್ತೇನೋ, ಜನ ಮೊದಲು ನನ್ನ ಮೂಗಿಗೆ ನಗುತ್ತಾರೋ. ಹೆದರಿಕೆಯ ಜೊತೆಗೇ ಒಂದು ಆಸೆಯೂ ಇತ್ತು. ಬಂದವಳು ಒಬ್ಬಳೇ ಮಗಳು. ನೆಂಟರೆಲ್ಲ ಅವಳನ್ನು "ಒಬ್ಬಳೇ ಮಗಳು, ಪಾಪ" ಅಂದರು. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಎಡಗೆನ್ನೆಗೆ ಗುಳಿ ಬೀಳಿಸಿಕೊಂಡು ನಗುವ ಹುಡುಗಿ. ತಂಗಿಯನ್ನೇ ಅಚ್ಚು ಹೊಯ್ದ ಹಾಗೆ. ಆದರೆ ಅವಳ ಕೈಯಲ್ಲಿ ಬಾಚಣಿಗೆ ಇತ್ತು. ಅವಳ ಕೈಯಲ್ಲಿ ಮಲದ ಪಾತ್ರೆ ಇತ್ತು. ಅವಳು ಬ್ರೆಡ್ಡನ್ನು ಹಾಲಲ್ಲಿ ಅದ್ದಿ, ಹೆಚ್ಚಾದ ಹಾಲನ್ನು ಬಟ್ಟಲ ಅಂಚಿಗೆ ಒತ್ತಿ ತೆಗೆದು, ಸತ್ತ ಅಮ್ಮನ ಬಾಯಿಗಿಡುತ್ತಿದ್ದಳು, ಸರಿಯಾಗಿ ಹಾಗೇ ಒತ್ತಿ. ಅಷ್ಟು ಸಣ್ಣದನ್ನು ತಂಗಿ ಯಾವಾಗ ನೋಡಿದಳು? ತಿಂಗಳಿಗೊಮ್ಮೆ ಬಂದು, ಬಾಗಿಲಿಗೆ ಒರಗಿ ನಿಂತು, ಒಂದೂ ಬಿಡದೆ ನೋಡಿ, ಹೊತ್ತುಕೊಂಡು ಹೋಗಿ, ತನ್ನ ಮುಖಕ್ಕೆ ಅಂಟಿಸಿಕೊಂಡಿದ್ದಾಳೆ. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು ಅಕ್ಕನಿಗೆ. ಬೈದಿದ್ದರೆ, ಆಡಿಕೊಂಡಿದ್ದರೆ, ಗೂನುಬೆನ್ನಿನ ಕಾಜಾ ಅಕ್ಕ ಅಂತ ಒಂದು ಪಾತ್ರ ಮಾಡಿ ಕುಣಿಸಿದ್ದರೆ ತಡೆದುಕೊಳ್ಳಬಹುದಾಗಿತ್ತು. ಅವಳ ನಾಟಕದಲ್ಲಿ ತಾನು ಹುಟ್ಟೇ ಇಲ್ಲ.

ನೆಂಟರು ಜಗಳವಾಡಿ ಸುಸ್ತಾಗಿ ಹೊರಗೆ ಹೋದರು. ಬೆಳಕು ಸಣ್ಣದಾಯಿತು. ಪೆಟ್ಟಿಗೆಯೊಳಗಿಂದ ಅಮ್ಮ ಎದ್ದು ಕೂತು, ಮಗಳನ್ನು ಕೈಸನ್ನೆ ಮಾಡಿ ಕರೆದಳು. "ಬಾ ಇಲ್ಲಿ. ನಿನಗೊಬ್ಬಳಿಗೇ ಹೇಳ್ಬೇಕು." ಅಕ್ಕನ ಎರಡು ಕೈಯೂ ಶಾಲನ್ನು ಹಿಂಡಿದವು. ಅದೇ ಮಾತು. ಅಮ್ಮನ ಬಾಯಿಂದ ಬಂದ ಅದೇ ಮಾತು. ಹಾಗಾದರೆ ಆ ಮಧ್ಯಾಹ್ನ ಹೇಳಿದ್ದು ಖಂಡಿತ. ನಟಿ ಹೇಳತೊಡಗಿದಳು: ನಿಮ್ಮಪ್ಪನಿಗಿಂತ ಮುಂಚೆ ಒಬ್ಬನಿದ್ದ, ಊರು ಬಿಡುವಾಗ ತನ್ನ ಕೋಟಿನ ಗುಂಡಿ ಕಿತ್ತು ಕೊಟ್ಟ, ಅದನ್ನು ಈ ಅಸ್ತರಿನೊಳಗೆ ಎದೆಗೆ ತಾಗುವ ಹಾಗೆ ಹೊಲಿದುಕೊಂಡು ನಿಮ್ಮಪ್ಪನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದೆ, ಇಗೋ ತಗೋ, ನೀನಿಟ್ಟುಕೋ. ಅಸ್ತರಿಗೆ ಕೈ ಹಾಕಿ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಅಕ್ಕನ ಹೊಲಿಗೆ ಕದಲಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕರು. ನಟಿ ಎದ್ದು ನಿಂತು, ಪೆಟ್ಟಿಗೆಗೆ ಕಾಲು ಕೊಟ್ಟು ಎಳೆದಳು, ಮಗಳ ಪಾತ್ರದವಳು ಇನ್ನೊಂದು ಕಡೆ ಹಿಡಿದು ಜಗ್ಗಿದಳು, ಇಬ್ಬರೂ ಹಗ್ಗ ಎಳೆದಾಡಿದ ಹಾಗೆ ರಂಗದ ಈ ತುದಿಯಿಂದ ಆ ತುದಿಗೆ ತಳ್ಳಾಡಿದರು. "ಏನು ಮಾಡ್ಲೇ, ಸತ್ತ ಮೇಲೂ ಬಾಯಿ ಬಿಡ್ತಿಲ್ಲ ನಿಮ್ಮಮ್ಮ!" ಅಂದಳು ನಟಿ, ಬರೆದುಕೊಟ್ಟಿರದ ಮಾತು. ಜನ ಕುರ್ಚಿಯಲ್ಲಿ ಹೊರಳಾಡಿದರು. ಅವಳು ಅಸ್ತರಿಗೆ ಹಲ್ಲು ಹಾಕಿದಳು. ಹೊಲಿಗೆ ಬಿಡಲಿಲ್ಲ, ಬಟ್ಟೆಯೇ ಬಿಟ್ಟಿತು. ಕಂಕುಳಿಂದ ಅಂಚಿನವರೆಗೆ ಒಂದು ಉದ್ದ ಸದ್ದು, ಅಕ್ಕನ ಕಿವಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ಸದ್ದು. ತಾನು ಯಾವಾಗ ಎದ್ದು ನಿಂತೆ ಅಂತ ಅವಳಿಗೆ ಗೊತ್ತಿಲ್ಲ. "ಹರೀಬೇಡ್ರೇ! ನಮ್ಮಮ್ಮಂದು ಅದು!" ಇಡೀ ನಾಟಕದ ಮನೆ ಅವಳ ಕಡೆ ತಿರುಗಿ ನಕ್ಕಿತು, ಚಪ್ಪಾಳೆ ಹೊಡೆಯಿತು. ಪಕ್ಕದ ಯಜಮಾನರು ಅವಳ ಮೊಣಕೈ ಮುಟ್ಟಿ, "ಭೇಷ್! ಜನರ ಮಧ್ಯೆ ನಾಟಕದವರೇ ನಿಮ್ಮನ್ನ ಕೂರಿಸಿದ್ದಾರೆ ಅಂತ ಗೊತ್ತೇ ಆಗ್ಲಿಲ್ಲ ನೋಡಿ" ಅಂದರು.

ರಂಗದ ಹಿಂದೆ ಬಣ್ಣದ ವಾಸನೆ, ಬೆವರಿನ ವಾಸನೆ. ನಟಿ ದವಡೆ ಹಿಡಿದುಕೊಂಡು ಕೂತಿದ್ದಳು. "ಅಮ್ಮಾ ತಾಯಿ, ಯಾವ ದಾರದಲ್ಲಿ ಹೊಲಿದ್ರಿ? ನನ್ನ ಹಲ್ಲು ಅಲ್ಲಾಡ್ತಿದೆ." ತಂಗಿ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು, ಎಷ್ಟೋ ವರ್ಷಗಳ ಮೇಲೆ. "ಅಕ್ಕಾ! ಆ ಕೂಗು! ನಾನು ತಿಪ್ಪರಲಾಗ ಹಾಕಿದ್ರೂ ಅಂಥದ್ದು ಬರೆಯೋಕೆ ಆಗ್ತಿರಲಿಲ್ಲ. ಸಡಿಲವಾಗಿ ಹಾಕು ಅಂದ್ರೆ ಗಟ್ಟಿಯಾಗಿ ಹಾಕಿದ್ದೀಯಲ್ಲ, ಕಳ್ಳಿ. ಅದರಿಂದಲೇ ನಾಟಕ ಗೆದ್ದದ್ದು. ದಿನಾ ಹಾಗೇ ಹೊಲಿದು ಕೊಡು." ಅಕ್ಕ ತಬ್ಬಿದ ತೋಳಿನೊಳಗೆ ಮರದ ಹಾಗೆ ನಿಂತಿದ್ದಳು. ಮೂಗಿಗೆ ತಂಗಿಯ ಕೂದಲು ತಾಗುತ್ತಿತ್ತು. ಇವಳ ಕೂದಲಿಗೂ ಅಮ್ಮನ ಕೂದಲಿನದೇ ವಾಸನೆ ಇದೆಯೇ ಅಂತ ನೋಡಿದಳು, ಬಣ್ಣದ ವಾಸನೆ ಬಂತು.

"ಯಾವಾಗ ಹೇಳಿದ್ಲು ನಿನಗೆ?" ಅಂದಳು.

"ಯಾರು? ಏನು?"

"ಅಮ್ಮ. ಆ ಗುಂಡಿ. ಆ ಮನುಷ್ಯ. ನೀನು ಬಂದಿದ್ದೆಯಲ್ಲ ಆ ಮಧ್ಯಾಹ್ನ, ನಾನು ಬಂದ ಕೂಡಲೇ ನಗೋದು ನಿಲ್ಲಿಸಿದ್ರಿ. ಆವತ್ತಾ?"

ತಂಗಿ ತೋಳು ಸಡಿಲಿಸಿ ಅವಳ ಮುಖ ನೋಡಿದಳು. "ಅಯ್ಯೋ ಅಕ್ಕ, ಗುಂಡಿಯೂ ಇಲ್ಲ, ಮನುಷ್ಯನೂ ಇಲ್ಲ. ಕಟ್ಟಿದ್ದು ನಾನು."

"ಅಸ್ತರು ಬಿಚ್ಚಿ ಹೊಲಿದ ಗುರುತಿತ್ತು. ನಿನಗೆ ಆ ಜಾಗ ಗೊತ್ತಿತ್ತು."

"ಅದು ನಾನೇ ಹರಿದದ್ದು. ಸಣ್ಣವಳಿದ್ದಾಗ, ನೀನೂ ಅಮ್ಮನೂ ಇಲ್ಲದಾಗ ಅಮ್ಮನ ಕೋಟು ತೊಟ್ಕೊಂಡು ಕನ್ನಡಿ ಮುಂದೆ ನಾಟಕ ಆಡ್ತಿದ್ದೆ. ಚಿಲಕಕ್ಕೆ ಸಿಕ್ಕಿ ಪರ್ ಅಂತು. ಹೆದರಿ ನಾನೇ ಹೊಲಿದೆ. ನಿನ್ನ ಹಾಗೆ ಹೊಲಿಯೋಕೆ ನನಗೆಲ್ಲಿ ಬರುತ್ತೆ?"

ಹಾಗಾದರೆ ಅಸ್ತರಿನಲ್ಲಿ ಗುಟ್ಟೇ ಇರಲಿಲ್ಲ, ಅಂದುಕೊಂಡಳು ಅಕ್ಕ. ಏನೂ ಇಲ್ಲ. ಈ ಒಂದು ತಿಂಗಳು ಸುಟ್ಟುಕೊಂಡದ್ದು ಒಂದು ಚಿಲಕಕ್ಕೆ. ಆದರೆ ಅಮ್ಮನಿಗೆ ಹೇಳಲಿಕ್ಕೆ ಏನೋ ಒಂದು ಇತ್ತು, ಅದು ನಿಜ. "ಮತ್ತೆ ಆವತ್ತು ಯಾಕೆ ನಗ್ತಿದ್ರಿ?"

ತಂಗಿ ಒಂದು ಮುರಿದ ಕುರ್ಚಿಯ ಮೇಲೆ ಕೂತು, ಮುಖದ ಬೆವರನ್ನು ತೋಳಿಗೆ ಒರೆಸಿಕೊಂಡಳು. ಗುಳಿ ಮಾಯವಾಗಿ, ಕ್ಷಣಮಾತ್ರ ಅವಳ ಮುಖವೂ ಅಪ್ಪನ ಮುಖದ ಹಾಗೆ ಸಪಾಟಾಗಿ ಕಂಡಿತು. "ಅಮ್ಮ ನನ್ನ ಗುರುತೇ ಹಿಡೀಲಿಲ್ಲ ಅಕ್ಕ. ನೀನು ಅಂದ್ಕೊಂಡ್ಲು ನನ್ನ. ಬಂದ ಕೂಡಲೇ 'ಚಿಕ್ಕವಳಿಗೆ ಫೋನು ಮಾಡಿದ್ಯಾ, ಇವತ್ತಾದ್ರೂ ಎತ್ತಿದಳಾ' ಅಂದ್ಲು. ನಾನೇ ಅಮ್ಮ ಚಿಕ್ಕವಳು ಅಂದೆ. 'ತಮಾಷೆ ಮಾಡ್ಬೇಡ, ಹೋಗು ಮಾಡು' ಅಂತ ನಕ್ಕಳು. ನನಗೂ ನಗು ಬಂತು. ಅಳು ಬಂದಿದ್ರೆ ಚೆನ್ನಾಗಿತ್ತು. ಒಂದು ಮಾತು ಹೇಳ್ಬೇಕು ಅವಳಿಗೊಬ್ಬಳಿಗೇ ಅಂತ ನನ್ನ ಮುಖಕ್ಕೇ ಹೇಳ್ತಾಳೆ, ನನಗೆ ಮಾತ್ರ ಹೇಳಲ್ಲ. ನೀನು ಬಂದೆ, ನಿನ್ನ ನೋಡಿದ್ಲು, ನನ್ನ ನೋಡಿದ್ಲು, ಗೊಂದಲ ಆಗಿ ಸುಮ್ಮನಾದ್ಲು." ಕುರ್ಚಿಯ ಮುರಿದ ಅಂಚನ್ನು ಉಗುರಿನಿಂದ ಕೆರೆಯುತ್ತ, "ಅದಕ್ಕೇ ನಾಟಕದಲ್ಲಿ ಒಬ್ಬಳೇ ಮಗಳು. ಅಮ್ಮನಿಗೆ ಕೊನೆಗೆ ಉಳಿದದ್ದು ಒಬ್ಬಳೇ, ನೀನು. ಮುಖ ಮಾತ್ರ ನನ್ನದು ಇಟ್ಕೊಂಡೆ. ಇಷ್ಟಾದ್ರೂ ನನಗಿರಲಿ ಅಂತ."

ತನಗೆ ಉರಿಯುತ್ತಿದ್ದ ಕಡೆಯೇ ಇವಳಿಗೂ ಉರಿಯುತ್ತಿದೆ ಅನ್ನುವುದು ಅಕ್ಕನಿಗೆ ನಿಧಾನವಾಗಿ ತಿಳಿಯಿತು. ಅದು ತಿಳಿದು ಸಮಾಧಾನವಾಗಬೇಕಾಗಿತ್ತು, ಆದದ್ದು ಸಂತೋಷ, ನಾಚಿಕೆಗೆಟ್ಟ ಸಂತೋಷ. ಆದರೆ ತಂಗಿ ಇನ್ನೂ ಮುಗಿಸಿರಲಿಲ್ಲ. ಕೆಳಗೆ ನೋಡುತ್ತ, ಮೆಲ್ಲಗೆ, ಬಯ್ಯುವ ದನಿಯಲ್ಲಿ ಅಲ್ಲ, "ನಿನ್ನ ಫೋನು ನನಗೆ ಬರಲೇ ಇಲ್ಲ ಅಕ್ಕ. ಆಗ ನಾನು ಮನೆಯಲ್ಲೇ ಇದ್ದೆ" ಅಂದಳು.

ಹೊರಗೆ ಯಾರೋ ಪೆಟ್ಟಿಗೆ ಎಳೆದರು, ಚಕ್ರ ಕಿರ್ ಅಂತು. ಅಕ್ಕನ ಕಣ್ಣಿನ ಮುಂದೆ ಧೂಳು ಒರೆಸಿದ ಕಪ್ಪು ರಿಸೀವರು ಮಿಂಚಿತು. ಇವಳಿಗೆ ಗೊತ್ತು. ಇಷ್ಟು ದಿನವೂ ಗೊತ್ತಿತ್ತು, ನಾಟಕದಲ್ಲಿ ಹಾಕಬಹುದಾಗಿತ್ತು, ಹಾಕಲಿಲ್ಲ. ಅದಕ್ಕೆ ತಾನು ಉಪಕಾರ ನೆನೆಯಬೇಕೋ ಏನೋ. ಆ ಯೋಚನೆಯೇ ಸಹಿಸಲಾಗಲಿಲ್ಲ. "ಫೋನು ಮಾಡೋದು ಬೇಡ ಅಂದ್ಲು ಅಮ್ಮ" ಅಂದಳು, ಅಷ್ಟು ಸಲೀಸಾಗಿ ಬಂತು, ಕಾಜಾ ಸುತ್ತ ದಾರ ಸುತ್ತಿದ ಹಾಗೆ. "ನೀನು ಬಂದುಹೋದ ಮೇಲೆ, ಬೇಡ ಬಿಡು, ನಿನಗೇ ಹೇಳ್ತೀನಿ ಅಂದ್ಲು. ನನಗೆ ಹೇಳಿದ್ಲು."

ತಂಗಿ ತಲೆಯೆತ್ತಿದಳು. ಅವಳ ಕಣ್ಣಿನಲ್ಲಿ ಒಂದು ಹಸಿವು ಎದ್ದು ನಿಂತದ್ದನ್ನು ಅಕ್ಕ ಕಂಡಳು. ಆ ಹಸಿವು ಅವಳಿಗೆ ಗುರುತಿನದೇ, ಕನ್ನಡಿಯಲ್ಲಿ ನೋಡುತ್ತ ಬಂದದ್ದು. "ಏನು ಹೇಳಿದ್ಲು?"

"ಗುಂಡಿ ಅಲ್ಲ."

"ಮತ್ತೆ?"

"ಇಲ್ಲೆಲ್ಲ ಹೇಳೋದಲ್ಲ ಅದು." ಹರಿದ ಕೋಟನ್ನು ನಟಿಯ ಮೈಯಿಂದ ತಾನೇ ಬಿಡಿಸಿ, ಮಡಿಚಿ, ತೋಳಿನ ಮೇಲೆ ಹಾಕಿಕೊಂಡಳು. "ಮನೆಗೆ ಬಾ. ಇದನ್ನೂ ಹೊಲೀಬೇಕಲ್ಲ."

ಮಾರನೆಯ ಬೆಳಿಗ್ಗೆ ಅಕ್ಕ ಅಂಗಡಿಗೆ ಹೋಗಲಿಲ್ಲ, ಮೈಗೆ ಸರಿಯಿಲ್ಲ ಅಂತ ಇಸ್ತ್ರಿಯವಳ ಕೈಲಿ ಹೇಳಿಕಳಿಸಿದಳು. ಅಡುಗೆಮನೆಯ ಮೇಜಿನ ಮೇಲೆ ಕೋಟು ಅಂಗಾತ ಬಿದ್ದಿತ್ತು, ಕಂಕುಳಿಂದ ಅಂಚಿನವರೆಗೆ ಬಾಯಿ ಬಿಟ್ಟುಕೊಂಡು. ಹರಿದ ಬಟ್ಟೆಯ ಮಧ್ಯೆ ಅವಳ ಹೊಲಿಗೆಯ ಗೇಣು ಮಾತ್ರ ಹಾಗೇ ಇತ್ತು, ಒಂದೆಳೆಯೂ ಬಿಟ್ಟಿರಲಿಲ್ಲ. ಅದನ್ನು ಬೆರಳಿನಿಂದ ಸವರಿದಳು. ಅಮ್ಮ, ಏನಿತ್ತು ಅದು? ನನ್ನ ಮೇಲೆ ದೂರೇನಾದರೂ ಇತ್ತಾ? ನನ್ನನ್ನು ಇವಳ ಹತ್ತಿರದಿಂದ ಕರೆದುಕೊಂಡು ಹೋಗು ಅಂತಲಾ? ಅಥವಾ ದೊಡ್ಡವಳನ್ನು ನೋಡಿಕೋ, ಅವಳಿಗೆ ಯಾರೂ ಇಲ್ಲ ಅಂತ? ಈ ಕೊನೆಯದು ಇದ್ದರೂ ಇರಬಹುದು ಅಂತ ಅವಳಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದದ್ದೇ ಸೂಜಿ ಬೆರಳಿಗೆ ನೆಟ್ಟಿತು. ಬೆರಳನ್ನು ಬಾಯಲ್ಲಿಟ್ಟು ಚೀಪುತ್ತಿದ್ದಾಗ ಬಾಗಿಲು ಸದ್ದಾಯಿತು.

ತಂಗಿ ಬಂದಳು. ಹೂ ತಂದಿರಲಿಲ್ಲ. ಅಮ್ಮ ಹೋದ ಮೇಲೆ ಮೊದಲ ಸಲ ಕುರ್ಚಿ ಎಳೆದು ಕೂತಳು, ಚಹಾ ಕೊಟ್ಟರೆ ಕುಡಿದಳು, ಬಟ್ಟಲನ್ನು ತಾನೇ ತೊಳೆದಿಟ್ಟಳು. "ಗಟ್ಟಿಯಾಗೇ ಹಾಕು ಅಕ್ಕ" ಅಂದಳು, "ಬಿಚ್ಚೋಕೆ ಕಷ್ಟ ಆದ್ರೇನೇ ಜನ ನಗೋದು. ಬಟ್ಟೆ ಹರಿಯದ ಹಾಗೆ ಒಳಗಡೆ ಒಂದು ಪಟ್ಟಿ ಕೊಟ್ಟುಬಿಡು." "ಹೂಂ." "ಸಂಜೆ ಆಟದಲ್ಲಿ ಮತ್ತೆ ಬಿಚ್ಚುತ್ತೆ." "ಹೂಂ. ನಾಳೆ ತಗೊಂಡು ಬಾ." ಅಕ್ಕ ಪಟ್ಟಿ ಕತ್ತರಿಸಿದಳು, ಇಟ್ಟಳು, ಅಂಚು ಮಡಿಚಿದಳು. ತಂಗಿಯ ಕಣ್ಣು ಅವಳ ಕೈಯ ಹಿಂದೆಯೇ ಓಡಾಡುತ್ತಿತ್ತು. ಆದರೆ ಅದು ಕೈಯನ್ನು ನೋಡುತ್ತಿಲ್ಲ, ಕೈಯ ಹಿಂದೆ ಎಲ್ಲೋ ಅಮ್ಮನನ್ನು ನೋಡುತ್ತಿದೆ ಅಂತ ಅಕ್ಕನಿಗೆ ಗೊತ್ತಾಯಿತು. ಇವಳು ಬಂದಿರುವುದೂ ಅಮ್ಮನ ಹತ್ತಿರವೇ. ಸತ್ತವಳ ಮೇಲೂ ಹೊಟ್ಟೆ ಉರಿಯಬಹುದೇ? ಉರಿಯಿತು, ಹಳೆಯ ಜಾಗದಲ್ಲೇ, ಹಳೆಯ ಹದಕ್ಕೇ. ಆದರೂ ಕುರ್ಚಿ ತುಂಬಿತ್ತು, ಎದುರಿಗೆ ಒಂದು ಜೀವ ಉಸಿರಾಡುತ್ತಿತ್ತು, ಮಾತು ಬಾಕಿ ಇರುವವರೆಗೆ ನಾಳೆಯೂ ಬರುವ ಜೀವ.

"ಹೇಳು ಅಕ್ಕ" ಅಂದಳು ತಂಗಿ, ಒಂದೇ ಕಂಬಳಿಯೊಳಗಿನ ಆ ಹುಡುಗಿಯ ದನಿಯಲ್ಲಿ. "ಅಮ್ಮ ಏನಂದ್ಲು?"

ಅಕ್ಕ ಉಂಡೆಯಿಂದ ಉದ್ದಕ್ಕೆ ದಾರ ಎಳೆದು ಎರಡೆಳೆ ಮಾಡಿದಳು, ಮೇಣ ಉಜ್ಜಿದಳು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬಾಯಲ್ಲಿ ದಾರ ಇದೆ, ತಾಳು, ಅಂತ ಕೈಸನ್ನೆ ಮಾಡಿದಳು. ತಂಗಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಅಕ್ಕ ದಾರವನ್ನು ಹಲ್ಲಿನಿಂದ ಬಿಡದೆ, ಸಾಸಿವೆ ಕಾಳಿನಷ್ಟು ಸಣ್ಣದಾಗಿ, ಮೊದಲ ಹೊಲಿಗೆ ಹಾಕಿದಳು.